ಪದ ಬೇಕು: ‘ಪ್ರೊಟೊಟೈಪ್’ಗೆ ‘ಮಾದರಿ’ ಎಂದರೆ ಗೊಂದಲ ಆಗ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮ ಶಾಲೆಯಲ್ಲಿ ಪುಟ್ಟ ಪುಟ್ಟ ವಿಮಾನಗಳ ಪ್ರದರ್ಶನ ಇದೆ. ಫಲಕಗಳ ಕನ್ನಡ ನನ್ನ ಪಾಲಿಗೆ ಬಂದಿದೆ. ನಾಳೆ ಸಂಜೆಯೊಳಗೆ ಪ್ರಿಂಟಿಗೆ ಕೊಡಬೇಕು.

ಸಿಕ್ಕಿಕೊಂಡಿರುವುದು ಜಪಾನಿನ ‘ಶಿಂಡೆನ್’ ಹತ್ತಿರ. ಪ್ರೊಪೆಲರ್ ಬಾಲದ ಕಡೆ, ಚಿಕ್ಕ ರೆಕ್ಕೆ ಮೂತಿಯ ಕಡೆ ಇರುವ ಯುದ್ಧವಿಮಾನ. 1945ರ ಆಗಸ್ಟ್ 3ರಂದು ಮೊದಲು ಹಾರಿತು. ಹಾರಿದ್ದು ಮೂರೇ ಸಲ, ಎಲ್ಲ ಸೇರಿ ಸುಮಾರು 45 ನಿಮಿಷ. ಅಷ್ಟರಲ್ಲಿ ಯುದ್ಧವೇ ಮುಗಿಯಿತು.

ಅದು ‘ಪ್ರೊಟೊಟೈಪ್’, ಅಂದರೆ ಪರೀಕ್ಷಿಸಿ ನೋಡಲು ಮೊದಲು ಕಟ್ಟಿದ ವಿಮಾನ. ನಿಘಂಟು ನೋಡಿ ‘ಪ್ರಾಯೋಗಿಕ ಯುದ್ಧವಿಮಾನದ ಮೂಲಮಾದರಿಯ ಮಾದರಿ’ ಎಂದು ಬರೆದೆ. ಏಳನೇ ಕ್ಲಾಸಿನ ಹುಡುಗಿ ಓದಿ, ‘ಯಾವುದು ಮಾದರಿ? ಮೇಜಿನ ಮೇಲಿರೋದಾ?’ ಎಂದಳು. ಅವಳು ಕೇಳಿದ್ದು ಸರಿ ಅಲ್ವಾ?

ಉತ್ತರ 1

‘ಪ್ರಾಯೋಗಿಕ’ ಬೇಡವೇ ಬೇಡ. ಮಕ್ಕಳಿಗೆ ಅದು ಲ್ಯಾಬ್ ಪರೀಕ್ಷೆ. ‘ಮೂಲ’ವೂ ಬೇಡ. ‘ಮೊದಲಚ್ಚು’ ಎನ್ನಿ. ಅಚ್ಚು ನಮ್ಮದೇ ಪದ. ಮನೆಯಲ್ಲೇ ಇರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು?

ಉತ್ತರ 2

‘ಮೊದಲಚ್ಚು’ ತಪ್ಪು. ನಾನು ಆಲೆಮನೆ ನೋಡುತ್ತ ಬೆಳೆದವನು. ಅಚ್ಚಿಗೆ ಪಾಕ ಹೊಯ್ದರೆ ಏಳುವ ಬೆಲ್ಲವೆಲ್ಲ ಒಂದೇ ಥರ. ಅಚ್ಚು ಮಾತ್ರ ಬದಲಾಗುವುದಿಲ್ಲ. ಶಿಂಡೆನ್ ಹಾಗಲ್ಲ. ನೆಲದ ಮೇಲೆ ಓಡಿಸಿ ನೋಡುವಾಗ ಮೂತಿ ಜಾಸ್ತಿ ಎದ್ದು, ಹಿಂದಿನ ಪ್ರೊಪೆಲರಿನ ಅಲಗುಗಳ ತುದಿ ನೆಲಕ್ಕೆ ಬಡಿಯಿತು. ಆಮೇಲೆ, ನೆಟ್ಟಗೆ ನಿಂತ ಎರಡು ರೆಕ್ಕೆಗಳ ಕೆಳಗೆ ಒಂದೊಂದು ಪುಟ್ಟ ಗಾಲಿ ಕೂರಿಸಿದರು. ನಿಮ್ಮ ಮೇಜಿನ ಮೇಲಿನದರಲ್ಲೂ ಇರಬೇಕು, ನೋಡಿ. ತಪ್ಪು ಕಂಡು ತಿದ್ದಿಕೊಳ್ಳಲೆಂದೇ ಕಟ್ಟಿದ್ದನ್ನು ಅಚ್ಚು ಎನ್ನಬಾರದು.

ಮೇಲಾಗಿ ಈ ಅಚ್ಚಿನಿಂದ ಬೆಲ್ಲ ಏಳಲೇ ಇಲ್ಲ. ಅದಿನ್ನೂ ಹಾರುವ ಮುಂಚೆಯೇ, 1944ರಲ್ಲೇ, ಸಾಲಾಗಿ ತಯಾರಿಸಿ ಎಂದು ನೌಕಾಪಡೆ ಹೇಳಿತ್ತು. ಆದದ್ದು ಎರಡು ಮಾತ್ರ.

‘ನಮೂನೆ’ ಎಂದು ಯಾರೂ ಹೇಳಬೇಡಿ. ಪಾರಸಿಯಿಂದ ಬಂದದ್ದು ಎಂಬ ತಕರಾರು ನನಗಿಲ್ಲ. ಆದರೆ ಕಚೇರಿಯಲ್ಲಿ ಅದು ತುಂಬಿಕೊಡುವ ಅರ್ಜಿ. ಧಾರವಾಡದ ಕಡೆ ‘ಒಂದ್ ನಮೂನಿ’ ಎಂದರೆ ಒಂಥರಾ ವಿಚಿತ್ರ.

ಉತ್ತರ 1ರವರಿಂದ

ಅಚ್ಚು ಎಂದರೆ ಬೆಲ್ಲದ್ದೊಂದೇ ಅಲ್ಲ, ಗಾಡಿಗೂ ಅಚ್ಚಿದೆ. ಹೀಗೆ ಒಂದೊಂದೇ ಪದ ಬಿಟ್ಟುಕೊಟ್ಟರೆ ಕೊನೆಗೆ ನಮಗೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ‘ಪ್ರೊಪೆಲರ್’ ಅನ್ನು ನೀವಿಬ್ಬರೂ ಮಾತಿಲ್ಲದೆ ಒಳಗೆ ಬಿಟ್ಟುಕೊಂಡಿದ್ದೀರಿ. ನನಗೆ ನಿಜವಾಗಿಯೂ ಬೇಜಾರಾಗಿದೆ.

ಉತ್ತರ 3

ಸರ್, ಆ ಜಗಳ ಆಮೇಲೆ. ಮೇಡಂಗೆ ನಾಳೆ ಫಲಕ ಬೇಕು.

ಪ್ರೊಪೆಲರ್ ಇರಲಿ, ಎಲ್ಲರಿಗೂ ಗೊತ್ತು. ಅದು ಹಿಂದಿನಿಂದ ನೂಕುತ್ತದೆ ಎನ್ನುವುದಕ್ಕೆ ಪದ ನಮ್ಮ ಬೀದಿಯಲ್ಲೇ ಇದೆ: ತಳ್ಳುಗಾಡಿ. ‘ತಳ್ಳು ಪ್ರೊಪೆಲರ್’ ಎಂದು ಬರೆಯಿರಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕಟ್ಟಿ, 2004ರಲ್ಲಿ ಮೊದಲು ಹಾರಿಸಿದ ‘ಸರಸ್’ ವಿಮಾನಕ್ಕೂ ಇಂಥವೇ ಎರಡು. ಅದಕ್ಕೂ ಈ ಪದ ಒಪ್ಪುತ್ತದೆ. ಮೂತಿಯ ಹತ್ತಿರದ್ದಕ್ಕೆ, ಮುಂಗಾಲು ಇದ್ದ ಹಾಗೆ, ‘ಮುಂರೆಕ್ಕೆ’.

ಪ್ರೊಟೊಟೈಪ್‌ಗೆ ಒಂದೇ ಪದ ಬೇಕೆಂಬ ಹಟ ಬಿಡಿ. ಕನ್ನಡದ ಬಲ ಕೃದಂತದಲ್ಲಿದೆ, ಅಂದರೆ ಕ್ರಿಯಾಪದದಿಂದ ಹುಟ್ಟುವ ‘ಕಟ್ಟಿದ’ದಂಥ ಪದಗಳಲ್ಲಿ. ‘ಹಾರಿಸಿ ನೋಡಲು ಕಟ್ಟಿದ ವಿಮಾನ’ ಎನ್ನಿ. ‘ಮಾದರಿ’ ಮೇಜಿನ ಮೇಲಿನದಕ್ಕೇ ಇರಲಿ.

ಪ್ರಶ್ನೆ ಕೇಳಿದವರಿಂದ

ಗಾಲಿಗಳಿವೆ, ಸಾಸಿವೆ ಕಾಳಿನಷ್ಟು. ಒಂದು ಕಿತ್ತು ಬಂದಿತ್ತು, ಈಗ ಅಂಟಿಸಿದೆವು. ಪ್ರಿಂಟಿಗೆ ಹೋಗುವುದು ಇದು:

‘ಶಿಂಡೆನ್, ಜಪಾನ್, 1945. ಹಾರಿಸಿ ನೋಡಲು ಕಟ್ಟಿದ ಯುದ್ಧವಿಮಾನ. ಆರು ಅಲಗಿನ ತಳ್ಳು ಪ್ರೊಪೆಲರ್, ಮೂತಿಯಲ್ಲಿ ಮೀಸೆರೆಕ್ಕೆ. ಎರಡೇ ಕಟ್ಟಿದರು, ಒಂದೇ ಹಾರಿತು. ಇದು ಅದರ ಮಾದರಿ.’

‘ಮುಂರೆಕ್ಕೆ’ ಓದುವಾಗ ಹುಡುಗಿ ತಡವರಿಸಿದಳು. ‘ಮೀಸೆರೆಕ್ಕೆ’ ಅವಳೇ ಕೊಟ್ಟ ಪದ. ತಕರಾರಿದ್ದರೆ ನಾಳೆ ಸಂಜೆ 5ರೊಳಗೆ ಹೇಳಿ.