ಹಳೆಯ ಮಾರುತಿ 800ಕ್ಕೆ ಯಾವ ಆಯಿಲ್: ದಪ್ಪದ್ದೋ, ತೆಳುವಿನದ್ದೋ?

ಪ್ರಶ್ನೆ (ಪೆರ್ಲದ ಕೃಷಿಕರು):
ಅಣ್ಣ, ನಮಸ್ಕಾರ. ನಮ್ಮಲ್ಲಿರುವುದು 1998ರ ಮಾರುತಿ 800, ಕಾರ್ಬ್ಯುರೇಟರ್ ಇರುವಂಥದ್ದು. ತಂದೆಯವರು ತೆಗೆದುಕೊಂಡ ಕಾರು, ಮಾರುವ ಯೋಚನೆ ಇಲ್ಲ. ಮೀಟರ್ 1,30,000 ದಾಟಿದೆ. ವಾರಕ್ಕೆರಡು ಸಲ ಬದಿಯಡ್ಕ, ತಿಂಗಳಿಗೊಮ್ಮೆ ಪುತ್ತೂರು, ವರ್ಷಕ್ಕೆ ಎರಡು ಬಾರಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಯ ಮಗಳ ಮನೆ, ಇಷ್ಟೇ ಓಡಾಟ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಮ್ಮೆ ನೀಲಿ ಹೊಗೆ ಬರುತ್ತದೆ, ಆಮೇಲೆ ಇಲ್ಲ. ಕಳೆದ ಸಲ ಮಡಿಕೇರಿಗೆ ಹೋಗಿ ಬಂದ ಮೇಲೆ ಆಯಿಲ್ ಸ್ವಲ್ಪ ಇಳಿದಿತ್ತು. ಅಂಗಡಿಯವರು ‘ಹಳೆಯ ಎಂಜಿನ್, 20ಡಬ್ಲ್ಯೂ-50 ಹಾಕಿ, ಹೊಗೆ ನಿಲ್ಲುತ್ತದೆ’ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಅಳಿಯ ‘ಈಗ ಎಲ್ಲರೂ ಹಾಕುವುದು ಸಿಂಥೆಟಿಕ್ 0ಡಬ್ಲ್ಯೂ-20’ ಎನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ (ವರ್ಕ್‌ಶಾಪಿನಿಂದ):
ಅಣ್ಣ, ಸದ್ಯಕ್ಕೆ ಎರಡೂ ಬೇಡ. 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-40 ಹಾಕಿ. ಕಾರಿನ ಜೊತೆ ಬಂದ ಪುಸ್ತಕ ಮನೆಯಲ್ಲಿದ್ದರೆ ತೆರೆದು ನೋಡಿ. ಹಳೆಯ ಕಾರುಗಳ ಪುಸ್ತಕದಲ್ಲಿ ಹೊರಗಿನ ಸೆಕೆಗೆ ತಕ್ಕಂತೆ ಯಾವ ಗ್ರೇಡ್ ಎಂಬ ಕೋಷ್ಟಕ ಇರುತ್ತದೆ. ಅದು ಹೇಳಿದ್ದೇ ಮೊದಲ ಮಾತು, ನನ್ನದು ಆಮೇಲೆ.

ಡಬ್ಬದ ಮೇಲಿನ ಸಂಖ್ಯೆಗಳನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಯಾವ ಅಂಗಡಿಯಲ್ಲೂ ಗೊಂದಲವಾಗುವುದಿಲ್ಲ. ‘ಡಬ್ಲ್ಯೂ’ ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ತಣ್ಣಗಿನ ಎಂಜಿನ್ ತಿರುಗುವಾಗ ಆಯಿಲ್ ಎಷ್ಟು ಅಡ್ಡ ನಿಲ್ಲುತ್ತದೆ ಎಂಬುದನ್ನು ಹೇಳುತ್ತದೆ. 20ಡಬ್ಲ್ಯೂವನ್ನು ಪರೀಕ್ಷಿಸುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 10ಡಬ್ಲ್ಯೂವನ್ನು 25 ಡಿಗ್ರಿ ಕೆಳಗೆ, 0ಡಬ್ಲ್ಯೂವನ್ನು 35 ಡಿಗ್ರಿ ಕೆಳಗೆ. ಧನುರ್ಮಾಸದ ಬೆಳಗಿನ ಜಾವವೂ ನಮ್ಮ ಕಾಸರಗೋಡಿನಲ್ಲಿ ಆ ಚಳಿಯ ಹತ್ತಿರಕ್ಕೆ ಬರುವುದಿಲ್ಲ, ಮಡಿಕೇರಿಯಲ್ಲೂ ಬರುವುದಿಲ್ಲ. ಹಾಗಾಗಿ 15 ಮತ್ತು 20ರ ನಡುವೆ ನಿಮಗೆ ದೊಡ್ಡ ವ್ಯತ್ಯಾಸವಿಲ್ಲ. ಸ್ಟಾರ್ಟ್ ಮಾಡಿದಾಗ 15 ಸ್ವಲ್ಪ ಬೇಗ ಮೇಲೆ ವಾಲ್ವ್‌ಗಳನ್ನು ನಡೆಸುವ ಕ್ಯಾಮ್‌ಶಾಫ್ಟ್ ತಲುಪುತ್ತದೆ ಎಂಬ ಕಾರಣಕ್ಕೆ ನನ್ನ ಒಲವು ಅದರ ಕಡೆಗೆ.

ನಿಜವಾಗಿ ನೋಡಬೇಕಾದದ್ದು ಎರಡನೆಯ ಅಂಕಿ. ಜೇನುತುಪ್ಪ ಬಿಸಿಯಾದಾಗ ನೀರಾಗುವಂತೆ ಆಯಿಲ್ ಕೂಡ ಕಾದಾಗ ತೆಳುವಾಗುತ್ತದೆ. 100 ಡಿಗ್ರಿಯಲ್ಲಿ ಅದು ಎಷ್ಟು ದಪ್ಪ ಉಳಿದಿದೆ ಎಂಬುದನ್ನು ಸೆಂಟಿಸ್ಟೋಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಎರಡನೆಯ ಅಂಕಿ 20 ಇರುವ ಆಯಿಲ್ 6.9ರಿಂದ 9.3, 30ರದ್ದು 9.3ರಿಂದ 12.5, 40ರದ್ದು 12.5ರಿಂದ 16.3, 50ರದ್ದು 16.3ರಿಂದ 21.9. ಅಂದರೆ ಅಳಿಯ ಹೇಳಿದ್ದಕ್ಕೂ ಅಂಗಡಿಯವರು ಹೇಳಿದ್ದಕ್ಕೂ ಕಾದ ಎಂಜಿನ್ನಿನೊಳಗೆ ಎರಡು ಪಟ್ಟಿಗಿಂತ ಹೆಚ್ಚು ಅಂತರ. 20ರ ಆಯಿಲ್ ಕೆಟ್ಟದ್ದಲ್ಲ. ಅದಕ್ಕೆಂದೇ ಬೇರಿಂಗ್ ಸಂದು, ಪಂಪ್, ರಿಂಗ್ ಎಲ್ಲವನ್ನೂ ಲೆಕ್ಕ ಹಾಕಿ ಮಾಡಿದ ಈಗಿನ ಎಂಜಿನ್ನುಗಳಿಗೆ ಅದು ಸರಿ. ನಿಮ್ಮ 796 ಸಿಸಿ ಎಂಜಿನ್ ಆ ಲೆಕ್ಕದ್ದಲ್ಲ, ಸವೆದು ಸಂದು ಬೇರೆ ಹೆಚ್ಚಿರುತ್ತದೆ. ಸಿಂಥೆಟಿಕ್ ಎಂಬ ಮಾತಿಗೂ ಗ್ರೇಡಿಗೂ ಸಂಬಂಧವಿಲ್ಲ ಎಂದು ಅಳಿಯನಿಗೆ ತಿಳಿಸಿ. ಸೆಮಿ ಸಿಂಥೆಟಿಕ್ 10ಡಬ್ಲ್ಯೂ-40 ಸಿಕ್ಕಿದರೆ ಧಾರಾಳವಾಗಿ ಹಾಕಬಹುದು.

ಇನ್ನು 50ರ ವಿಷಯ. ಹಳೆಯ ಎಂಜಿನ್ ಎಂದ ಕೂಡಲೇ ದಪ್ಪ ಆಯಿಲ್ ಎನ್ನುವುದನ್ನು ನಾನೂ ನಂಬಿದ್ದೆ. ಕೆಲಸ ಕಲಿಯುತ್ತಿದ್ದಾಗ ನಮ್ಮಲ್ಲಿಗೆ ಒಂದು ಪದ್ಮಿನಿ ಕಾರು ಬಂದಿತ್ತು. ಎಂಜಿನ್ ಕಾದು ಐಡ್ಲಿಂಗಿನಲ್ಲಿ ನಿಂತಾಗ ಆಯಿಲ್ ಒತ್ತಡ ಇಳಿದಾಗ ಹೊತ್ತುವ ಆಯಿಲ್ ದೀಪ ಮಿನುಗುತ್ತಿತ್ತು. 20ಡಬ್ಲ್ಯೂ-50 ಸುರಿದೆವು, ದೀಪ ಆರಿತು, ಮಾಲೀಕರು ಸಂತೋಷದಿಂದ ಹೋದರು. ಎರಡು ತಿಂಗಳಲ್ಲಿ ಎಂಜಿನ್ ಒಳಗಿನಿಂದ ಬಡಿಯುತ್ತಾ ಅದೇ ಕಾರು ಹಿಂದೆ ಬಂತು. ಕನೆಕ್ಟಿಂಗ್ ರಾಡಿನ ಬೇರಿಂಗ್ ತಿಂದುಹೋಗಿ ಕ್ರ್ಯಾಂಕ್ ಮೇಲೂ ಗೀರು ಬಿದ್ದಿತ್ತು. ದೀಪ ಮಿನುಗಿದ ದಿನವೇ ಬಿಚ್ಚಿದ್ದರೆ ಒಂದು ಜೊತೆ ಬೇರಿಂಗಿನಲ್ಲಿ ಮುಗಿಯುತ್ತಿದ್ದ ಕೆಲಸ, ಕೊನೆಗೆ ಕ್ರ್ಯಾಂಕ್ ಗ್ರೈಂಡ್ ಮಾಡಿಸುವವರೆಗೆ ಹೋಯಿತು. ದಪ್ಪ ಆಯಿಲ್ ರೋಗವನ್ನು ಮುಚ್ಚಿಟ್ಟಿತ್ತು. ಅವರ ಮುಖ ಇವತ್ತಿಗೂ ನೆನಪಿದೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಹಾಗಾಗಿ ಮೊದಲು ಆಯಿಲ್ ಎಲ್ಲಿಗೆ ಹೋಗುತ್ತಿದೆ ಎಂದು ನೋಡೋಣ. ಬೆಳಿಗ್ಗೆ ಮಾತ್ರ ನೀಲಿ ಹೊಗೆ ಬಂದು ನಿಲ್ಲುವುದಾದರೆ ಆಯಿಲ್ ಕೆಳಗಿಳಿಯದಂತೆ ತಡೆಯುವ ರಬ್ಬರಿನ ವಾಲ್ವ್ ಸೀಲ್ ಗಟ್ಟಿಯಾಗಿ ಬಿರಿದಿರುವ ಸಂಭವವೇ ಹೆಚ್ಚು. ರಾತ್ರಿಯಿಡೀ ಹನಿ ಹನಿಯಾಗಿ ಇಳಿದ ಆಯಿಲ್ ಬೆಳಿಗ್ಗೆ ಉರಿಯುತ್ತದೆ. ಘಾಟಿ ಇಳಿಯುವಾಗ ಗೇರಿನಲ್ಲೇ ಬಿಟ್ಟು, ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಹಿಂದೆ ನೀಲಿ ಹೊಗೆ ಕಂಡರೂ ಅದೇ ಕಾರಣ. ಏರು ಹತ್ತುವಾಗ ಉದ್ದಕ್ಕೂ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ ಎಂದು ತಿಳಿಯಿರಿ. ಒಂದು ಕೆಲಸ ಮಾಡಿ: ಸಮತಟ್ಟಾದ ಅಂಗಳದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಡಿಪ್ ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ ಮೇಲಿನ ಗೆರೆಗೆ ತುಂಬಿಸಿ. ಮೀಟರ್ ಬರೆದಿಡಿ. ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಎಷ್ಟು ಮಿಲಿಲೀಟರ್ ತುಂಬಿಸಬೇಕಾಯಿತು ಎಂದು ಇಲ್ಲಿಯೇ ತಿಳಿಸಿ. ಸಾವಿರ ತುಂಬಲಿ ಎಂದು ನೋಡುವುದನ್ನು ಬಿಡಬೇಡಿ, ವಾರಕ್ಕೊಮ್ಮೆ ಕಡ್ಡಿ ಎಳೆದು ನೋಡಿ.

ಪ್ರಶ್ನೆ (ಮುಳ್ಳೇರಿಯದ ಅಧ್ಯಾಪಿಕೆ):
ಇದನ್ನು ಓದಿ ನಾನೂ ಹೊರಗೆ ಹೋಗಿ ನಮ್ಮ ಹಳೆಯ ಓಮ್ನಿಯ ಕಡ್ಡಿ ಎಳೆದು ನೋಡಿದೆ. ಆಯಿಲ್ ಇಳಿದಿಲ್ಲ, ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿದೆ! ಎರಡು ತಿಂಗಳ ಹಿಂದೆ ಹಾಕಿಸಿದ್ದು 20ಡಬ್ಲ್ಯೂ-40, ಈಗ ನೀರಿನ ಹಾಗೆ ಬೆರಳಿನಿಂದ ಜಾರುತ್ತಿದೆ. ನಾನೂ 50ಕ್ಕೆ ಬದಲಾಯಿಸಬೇಕೇ?

ಉತ್ತರ:
ಟೀಚರೇ, ದಯವಿಟ್ಟು ಗಾಡಿ ಸ್ಟಾರ್ಟ್ ಮಾಡಬೇಡಿ. ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಪೆಟ್ರೋಲ್ ವಾಸನೆ ಬರುತ್ತದೆಯೇ?

(ಅಧ್ಯಾಪಿಕೆ: ಹೌದು, ಚೆನ್ನಾಗಿಯೇ ಬರುತ್ತದೆ.)

ಹಾಗಾದರೆ ಗ್ರೇಡಿನ ಮಾತೇ ಇಲ್ಲ. ಕಾರ್ಬ್ಯುರೇಟರಿನ ಓಮ್ನಿಯಲ್ಲಿ ಪೆಟ್ರೋಲ್ ಪಂಪ್ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ, ಕ್ಯಾಮ್‌ಶಾಫ್ಟಿನಿಂದ ನಡೆಯುತ್ತದೆ. ಅದರೊಳಗಿನ ಡಯಾಫ್ರಾಂ ಎಂಬ ತೆಳು ಪೊರೆ ಹರಿದರೆ ಪೆಟ್ರೋಲ್ ನೇರವಾಗಿ ಆಯಿಲ್ ಸೇರುತ್ತದೆ. ಕಾರ್ಬ್ಯುರೇಟರ್ ಉಕ್ಕಿದರೂ ಹೀಗಾಗಬಹುದು. ಈಗ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆತು ಬರುತ್ತದೆ. ಆ ಕಾಲದ ರಬ್ಬರ್ ಭಾಗಗಳು ಇದಕ್ಕೆಂದು ಮಾಡಿದವಲ್ಲ, ಅದನ್ನೂ ಗಮನದಲ್ಲಿಡಿ. ಎಷ್ಟು ದಪ್ಪದ ಆಯಿಲ್ ಹಾಕಿದರೂ ಪೆಟ್ರೋಲ್ ಬೆರೆತರೆ ತೆಳುವಾಗಿಯೇ ಆಗುತ್ತದೆ, ಬೆಂಕಿಯ ಅಪಾಯ ಬೇರೆ. ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ ಪಂಪ್ ಬದಲಿಸಿ, ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಹೊಸದಾಗಿ ಹಾಕಿಸಿ. ಅದೇ 20ಡಬ್ಲ್ಯೂ-40 ಸಾಕು. ಕಡ್ಡಿ ನೋಡಿದ್ದು ಬಹಳ ಒಳ್ಳೆಯದಾಯಿತು.

ಪ್ರಶ್ನೆ (ಬಂದಡ್ಕದ ಜೀಪ್ ಚಾಲಕರು):
ನನ್ನದು ಹಳೆಯ ಡೀಸೆಲ್ ಜೀಪ್, ಗುಡ್ಡದ ದಾರಿಯಲ್ಲೇ ದುಡಿಯುವಂಥದ್ದು. ಹೊಸ ಆಯಿಲ್ ವಾರದಲ್ಲೇ ಕಪ್ಪಾಗುತ್ತದೆ. ಕಾರಿನ ಆಯಿಲ್ ಒಂದು ಡಬ್ಬ ಮನೆಯಲ್ಲಿದೆ, ಹಾಕಬಹುದೇ?

ಉತ್ತರ:
ಕಪ್ಪಾದರೆ ಹೆದರಬೇಡಿ. ಡೀಸೆಲಿನ ಮಸಿಯನ್ನು ಆಯಿಲ್ ತನ್ನೊಳಗೆ ಹಿಡಿದಿಟ್ಟುಕೊಂಡಿದೆ ಎಂದೇ ಅದರ ಅರ್ಥ. ಡಬ್ಬದ ಹಿಂದೆ ಎಪಿಐ (ಆಯಿಲಿನ ಗುಣಮಟ್ಟದ ಗುರುತು) ಎಂಬಲ್ಲಿ ನೋಡಿ: ಪೆಟ್ರೋಲ್ ಎಂಜಿನ್ನಿನದ್ದು ‘ಎಸ್’ ಅಕ್ಷರದಿಂದ, ಡೀಸೆಲಿನದ್ದು ‘ಸಿ’ ಅಕ್ಷರದಿಂದ ಶುರುವಾಗುತ್ತದೆ. ಮನೆಯಲ್ಲಿರುವುದು ಎಸ್‌ಎನ್ ಎಂದು ಮಾತ್ರ ಇದ್ದರೆ ಜೀಪಿಗೆ ಬೇಡ. ಸಿಐ-4 ಎಂದು ಬರೆದಿರುವ 15ಡಬ್ಲ್ಯೂ-40 ತೆಗೆದುಕೊಳ್ಳಿ.

ಪೆರ್ಲದ ಕೃಷಿಕರು, ಕೆಲವು ವಾರಗಳ ಬಳಿಕ:
ಅಣ್ಣ, ಲೆಕ್ಕ ಇಟ್ಟೆ. 15ಡಬ್ಲ್ಯೂ-40 ಹಾಕಿ 1,020 ಕಿಲೋಮೀಟರ್ ಓಡಿದೆ, ಒಂದು ಸಲ ಮಡಿಕೇರಿಯೂ ಸೇರಿ. ತುಂಬಿಸಿದ್ದು ಸುಮಾರು 200 ಮಿಲಿಲೀಟರ್. ಸಂಪಾಜೆ ಇಳಿದ ಮೇಲೆ ಮಗ ಹಿಂದಿನಿಂದ ಬೈಕಿನಲ್ಲಿ ನೋಡಿದ, ನೀವು ಹೇಳಿದಂತೆಯೇ ಒಮ್ಮೆ ನೀಲಿ ಹೊಗೆ ಬಂತಂತೆ. ಏರಿನಲ್ಲಿ ಇರಲಿಲ್ಲ. ಆಯಿಲ್ ದೀಪ ಒಮ್ಮೆಯೂ ಮಿನುಗಿಲ್ಲ. ಮೊದಲು ಒಮ್ಮೆ ಡೀಸೆಲ್ ಹಾಕಿ ಎಂಜಿನ್ ಒಳಗೆ ತೊಳೆಯಲು ಒಬ್ಬರು ಹೇಳಿದರು, ಮಾಡಲೇ? ಇನ್ನೊಂದು ವಿಷಯ, ಇಳಿಸಿದ ಹಳೆಯ ಆಯಿಲನ್ನು ದನದ ಹಟ್ಟಿಯ ಪಕ್ಕಾಸಿಗೆ (ಮಾಡಿನ ಮರಕ್ಕೆ) ಗೆದ್ದಲು ಹಿಡಿಯದಂತೆ ಬಳಿಯಬಹುದೇ?

ಉತ್ತರ:
ತುಂಬ ಸಂತೋಷ ಅಣ್ಣ. ಹೀಗೆ ಲೆಕ್ಕ ಕೊಟ್ಟರೆ ನನ್ನ ಕೆಲಸ ಅರ್ಧ ಮುಗಿದಂತೆ. 200 ಮಿಲಿಲೀಟರ್ ಈ ವಯಸ್ಸಿನ ಎಂಜಿನ್ನಿಗೆ ಹೆಚ್ಚಲ್ಲ. ರಿಂಗ್ ಚೆನ್ನಾಗಿದೆ, ವಾಲ್ವ್ ಸೀಲ್ ಹೋಗಿದೆ. ಎಂಜಿನ್ ಇಳಿಸದೆಯೇ ಅದನ್ನು ಬದಲಿಸಬಹುದು, ಅವಸರವಿಲ್ಲ, ಅಡಿಕೆ ಕೊಯ್ಲು ಮುಗಿಸಿ ಬನ್ನಿ. ಮುಂದೆ ಎಂದಾದರೂ ಕಾದಾಗ ದೀಪ ಮಿನುಗಿದರೆ ಆಯಿಲ್ ಬದಲಿಸಲು ಹೋಗಬೇಡಿ. ದೀಪದ ಸ್ವಿಚ್ ಕಳಚಿ ಅದೇ ಜಾಗಕ್ಕೆ ಗೇಜ್ ಹಾಕಿ ಒತ್ತಡ ಎಷ್ಟಿದೆ ಎಂದು ಅಳೆಯೋಣ. 50ರ ಆಯಿಲ್ ಬೇಕೇ ಎಂಬ ಪ್ರಶ್ನೆ ಬರುವುದು ಆಗ ಮಾತ್ರ.

ಡೀಸೆಲ್ ಹಾಕಿ ತೊಳೆಯುವುದು ಖಂಡಿತ ಬೇಡ. ವರ್ಷಗಟ್ಟಲೆ ಅಂಟಿದ ಕೊಳೆ ಒಮ್ಮೆಲೇ ಎದ್ದು ಆಯಿಲ್ ಪಂಪಿನ ಜಾಲರಿಗೆ ಕುಳಿತರೆ ಇರುವ ಎಂಜಿನ್ನೂ ಹೋಗುತ್ತದೆ. ಒಳ್ಳೆಯ ಆಯಿಲನ್ನು ಎರಡು ಸಲ ಬೇಗ ಬೇಗ ಬದಲಿಸಿ, ನಿಧಾನವಾಗಿ ತೊಳೆದುಕೊಂಡು ಬರಲಿ.

ಪಕ್ಕಾಸಿಗೆ ಬಳಿಯುವುದು ನಮ್ಮಲ್ಲಿ ಹಿಂದಿನಿಂದ ಇರುವ ಅಭ್ಯಾಸ, ಆದರೆ ಹಟ್ಟಿಗೆ ಬೇಡ. ಉರಿದು ಹಳತಾದ ಆಯಿಲಿನಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳಿವೆ, ದನಗಳು ಕಂಬ ಮರ ನೆಕ್ಕುತ್ತವೆ. ತೋಡಿಗೂ ಚೆಲ್ಲಬೇಡಿ. ನಿಮ್ಮ ಗುಡ್ಡದಲ್ಲಿ ಎಷ್ಟೋ ಮನೆಯವರು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರನ್ನೇ ಕುಡಿಯುತ್ತಾರೆ. ಹಳೆಯ ಡಬ್ಬಕ್ಕೇ ತುಂಬಿಸಿ ಮುಚ್ಚಳ ಹಾಕಿಡಿ, ಸೀಲ್ ಹಾಕಿಸಲು ಬರುವಾಗ ಜೊತೆಗೆ ತನ್ನಿ. ನಮ್ಮಲ್ಲಿ ಬ್ಯಾರೆಲ್ಲಿಗೆ ಸುರಿಯೋಣ, ತುಂಬಿದಾಗ ಮರುಬಳಕೆಗೆ ಕೊಂಡುಹೋಗುವವರು ಬರುತ್ತಾರೆ.