ಎನ್‌ಆರ್‌ಸಿಗೆ (ಅಪೌಷ್ಟಿಕ ಮಕ್ಕಳನ್ನು ಆಸ್ಪತ್ರೆಯಲ್ಲಿಟ್ಟು ಆರೈಕೆ ಮಾಡುವ ಪೌಷ್ಟಿಕ ಪುನಶ್ಚೇತನ ಕೇಂದ್ರ) ಮಗುವನ್ನು ಸೇರಿಸಿದವರು ಅನುಭವ ಹೇಳಿ

ಯಾದಗಿರಿ ತಾಯಿ: ಮಗಳಿಗೆ 26 ತಿಂಗಳು, ತೂಕ 7 ಕಿಲೋ 200. ತೋಳಿನ ಸುತ್ತಳತೆ ನೋಡುವ ಪಟ್ಟಿ ಕೆಂಪಿಗೆ, ಅಂದರೆ ತೀವ್ರ ಅಪೌಷ್ಟಿಕತೆಗೆ ಬಂತು, 11.2 ಸೆಂ.ಮೀ. ಅಂಗನವಾಡಿ ಟೀಚರ್ 14 ದಿನ ಆಸ್ಪತ್ರೆಯಲ್ಲಿರಬೇಕು ಎನ್ನುತ್ತಾರೆ. ಮಡಿಲಲ್ಲಿ ಐದು ತಿಂಗಳ ಇನ್ನೊಂದು ಮಗು, ಹೊಲದಲ್ಲಿ ಹತ್ತಿ ಒಡೆದು ನಿಂತಿದೆ. ಹೋಗಲೇ?

ಸಿಂಧನೂರು ಅಕ್ಕ: ನಾನು 14 ದಿನವೂ ಇದ್ದೆ. ಮಗ 6 ಕಿಲೋ 400 ಇದ್ದ. ಮೊದಲ ನಾಲ್ಕು ದಿನ ಎಫ್-75 ಹಾಲು, ಎರಡು ಗಂಟೆಗೊಮ್ಮೆ, ನಡುರಾತ್ರಿಯೂ ಎಬ್ಬಿಸಿ ಚಮಚದಲ್ಲಿ. ತೂಕ ಒಂದು ಗ್ರಾಮೂ ಏರಲಿಲ್ಲ. ಆ ಹಾಲು ತೂಕಕ್ಕಲ್ಲ, ಹೊಟ್ಟೆ ಸಂಭಾಳಿಸಲು ಎಂದು ಯಾರೂ ಮೊದಲೇ ಹೇಳಿರಲಿಲ್ಲ, ಅತ್ತುಬಿಟ್ಟೆ. ತೂಕ ಏರಿಸುವ ಎಫ್-100 ಹಾಲು ಶುರುವಾದ ಮೇಲೆ ಏರಿತು. ಹೊರಡುವಾಗ 7 ಕಿಲೋ 150. ಶೇಕಡಾ 15 ಏರಬೇಕಂತೆ, 210 ಗ್ರಾಂ ಕಡಿಮೆ ಬಿತ್ತು. ಎರಡು ಆಡು ಮಾರಿದೆ. ಆಸ್ಪತ್ರೆಯಲ್ಲಿದ್ದ ದಿನಗಳ ಕೂಲಿ ನಷ್ಟದ ಹಣ ಐದು ತಿಂಗಳಾದ ಮೇಲೆ ಬಂತು. ಆದರೂ ಮಗ ಉಳಿದ.

ಮಾನ್ವಿ ಗೃಹಿಣಿ: ನಾನು ಆರನೇ ದಿನಕ್ಕೇ ವಾಪಸ್ ಬಂದೆ. ಅತ್ತೆ ಹಾಸಿಗೆ ಹಿಡಿದಿದ್ದರು, ನೋಡುವವರು ಯಾರು? ನನ್ನ ಮಗಳು ಇಂದು ಓಡಾಡುತ್ತಾಳೆ. ಉಳಿದವರೇ ತಾಯಂದಿರು, ಬಂದವರು ಕಟುಕರು ಎನ್ನುವ ಧಾಟಿ ಬೇಡ. ಅಂಗನವಾಡಿ ತಕ್ಕಡಿಗೂ ಆಸ್ಪತ್ರೆಯದಕ್ಕೂ 200 ಗ್ರಾಂ ವ್ಯತ್ಯಾಸವಿತ್ತು. ಅಂಗನವಾಡಿಯ ಮೊಟ್ಟೆ ಎಲ್ಲಿಗೆ ಹೋಗುತ್ತದೆ ಎಂಬುದೂ ಗೊತ್ತು.

ಸಿಂಧನೂರು ಅಕ್ಕ: ಕಟುಕರು ಎಂದು ನಾನೆಲ್ಲಿ ಅಂದೆ?

ಅಂಗನವಾಡಿ ಕಾರ್ಯಕರ್ತೆ: ಮೊಟ್ಟೆಯ ಲೆಕ್ಕ ನಾನು ಕೊಡುತ್ತೇನೆ. 30 ಮಕ್ಕಳು, ವಾರಕ್ಕೆ ಎರಡು, ತಿಂಗಳಿಗೆ 240 ಮೊಟ್ಟೆ. ನಮಗೆ ಸಿಗುತ್ತಿದ್ದುದು ಒಂದಕ್ಕೆ 6 ರೂಪಾಯಿ, ಅಂಗಡಿಯಲ್ಲಿ 7. 240 ರೂಪಾಯಿ ನನ್ನ ಕೈಯಿಂದ, ಬಿಲ್ ಬರುವವರೆಗೆ ಪೂರ್ತಿ ಸಾಲ. ಮೇಲೆ ಮಕ್ಕಳ ತೂಕ, ಎತ್ತರ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಸಿಗ್ನಲ್ ಹುಡುಕಿ ನೀರಿನ ಟ್ಯಾಂಕ್ ಹತ್ತಬೇಕು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ, ದಾಟಿದರೆ ನಿಲ್ಲಿಸಿ ಅಳೆಯಬೇಕು. ಅದರಲ್ಲೇ 0.7 ಸೆಂ.ಮೀ. ಹೆಚ್ಚುಕಡಿಮೆ. ತಪ್ಪಿದರೆ ಮಗು ಯಾವ ಹಂತದಲ್ಲಿದೆ ಎಂದು ತೋರಿಸುವ ಬಣ್ಣವೇ ಬದಲು, ಬೈಗುಳ ನನಗೆ.

ಕಲಬುರಗಿ ಅಣ್ಣ: 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗಕ್ಕೆ ಮೊಟ್ಟೆ ಬಂದಾಗ ಎಷ್ಟು ಗಲಾಟೆಯಾಯಿತು! ಬಾಳೆಹಣ್ಣು ಸಾಕಿತ್ತು.

ಅಂಗನವಾಡಿ ಕಾರ್ಯಕರ್ತೆ: ಅದು ಶಾಲೆಯ ಬಿಸಿಯೂಟ ಅಣ್ಣ, ಅಂಗನವಾಡಿಯದಲ್ಲ. ಬಾಳೆಹಣ್ಣಿನಲ್ಲಿ ಪ್ರೋಟೀನ್ ಎಷ್ಟಿದೆ, ನೀವೇ ಹೇಳಿ.

ಕಲಬುರಗಿ ಅಣ್ಣ: ನನ್ನ ಮನೆಯಲ್ಲಿ ಯಾರೂ ಮೊಟ್ಟೆ ಮುಟ್ಟಿಲ್ಲ, ಎಲ್ಲರೂ ಗಟ್ಟಿಯಾಗಿದ್ದೇವೆ.

ಮಾನ್ವಿ ಗೃಹಿಣಿ: ನಿಮ್ಮ ಮನೆಯಲ್ಲಿ ಎಮ್ಮೆ ಎಷ್ಟಿವೆ?

ಯಾದಗಿರಿ ತಾಯಿ: ಚಿಕ್ಕ ಮಗುವನ್ನೂ ಕರೆದೊಯ್ಯಬಹುದೇ ಎಂಬುದನ್ನು ಯಾರೂ ಹೇಳಲಿಲ್ಲ.

ಸಿಂಧನೂರು ಅಕ್ಕ: ನನ್ನ ಪಕ್ಕದವಳು ಹಾಲುಗೂಸನ್ನು ಇಟ್ಟುಕೊಂಡೇ ಇದ್ದಳು ತಂಗಿ. ಮೂವರಿಗೂ ಒಂದೇ ಮಂಚ. ಸೊಳ್ಳೆಪರದೆ ಒಯ್ಯಿರಿ.