ಸಹಾಯ ಬೇಕು: ನಾಯಿಯ ದಯಾಮರಣದ ಹೊತ್ತಿಗೆ ಅಮ್ಮ ಪಕ್ಕದಲ್ಲಿರಬೇಕಾ?

ಊರು ಬದಿಯಡ್ಕದ ಹತ್ತಿರ. 13 ವರ್ಷದ ಲ್ಯಾಬ್ರಡಾರ್, ಕಿಡ್ನಿ ಕಾಯಿಲೆ ಕೊನೇ ಹಂತದಲ್ಲಿದೆ. ಚರ್ಮದಡಿಗೆ ಡ್ರಿಪ್, ವಾಂತಿಯ ಮದ್ದು, ಪಥ್ಯದ ಆಹಾರ ಎಲ್ಲ ಆಯ್ತು, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲ) ಇಳಿಯುತ್ತಿಲ್ಲ. ನೋವು, ಹಸಿವು, ನೀರಿನಂಶ, ಶುಚಿ, ಖುಷಿ, ಓಡಾಟ, ಒಳ್ಳೇ ದಿನಗಳು ಅಂತ ಏಳಕ್ಕೂ ಹತ್ತರಲ್ಲಿ ಅಂಕ ಹಾಕುವ ಪಟ್ಟಿ ಉಂಟಲ್ಲ, ಅದರಲ್ಲಿ ಒಟ್ಟು ಅಂಕ 35ಕ್ಕಿಂತ ಕೆಳಗೆ ಹೋಗಿದೆ, ಅಂದರೆ ಅದರ ಬದುಕು ಹಿತವಾಗಿ ಉಳಿದಿಲ್ಲ. ಡಾಕ್ಟ್ರು ಮನೆಗೇ ಬರಲು ಒಪ್ಪಿದ್ದಾರೆ.

ಕ್ರಮ ಗೊತ್ತಿದೆ. ಮೊದಲು ಮಂಪರಿನ ಇಂಜೆಕ್ಷನ್, ಪೂರ್ತಿ ಎಚ್ಚರ ತಪ್ಪಿದ ಮೇಲೆ ರಕ್ತನಾಳಕ್ಕೆ ಅರಿವಳಿಕೆ ಮದ್ದಿನ ಅತಿಪ್ರಮಾಣ. ಕಣ್ಣು ತೆರೆದೇ ಇರುತ್ತದೆ, ಮೂತ್ರ ಹೋಗಬಹುದು, ಹೃದಯ ನಿಂತ ಮೇಲೂ ಒಂದೆರಡು ಏದುಸಿರು ಬರಬಹುದು. ಇದನ್ನು ಮೊದಲೇ ಹೇಳದಿದ್ದರೆ ನೋಡಿದವರು "ಜೀವ ಇತ್ತು, ನಾವೇ ಕೊಂದೆವು" ಅಂತ ಕೊರಗುತ್ತಾರೆ. ಹೂಳುವ ಗುಂಡಿಯನ್ನು ಬಾವಿಯಿಂದ ದೂರ, ಆಳವಾಗಿಯೇ ತೋಡಿಸಬೇಕು (ಮುರಕಲ್ಲು, ಜೆಸಿಬಿಯೇ ಗತಿ). ನರಿ ಎಳೆದು ತಿಂದರೆ ಆ ಮದ್ದು ಅದಕ್ಕೂ ವಿಷ.

ಗೊಂದಲ ಅಮ್ಮನದ್ದು. ಅನ್ನ ಹಾಕಿ ಸಾಕಿದವರು, ಪಕ್ಕದಲ್ಲೇ ಕೂರುತ್ತೇನೆ ಅಂತಾರೆ; ಈಗಲೇ ಸರಿಯಾಗಿ ಊಟ ಮಾಡುತ್ತಿಲ್ಲ. ಮಂಪರು ಹತ್ತುವವರೆಗೆ ತಲೆ ಸವರಿ, ಎರಡನೇ ಇಂಜೆಕ್ಷನ್‌ಗೆ ಮೊದಲು ಎದ್ದರೆ ನಾಯಿಗೆ ತಿಳಿಯುವುದಿಲ್ಲ.

ಮನೆಯ ಹಿರಿಯರ ಎದುರು ಮಾಡಿಸಿದವರು ದಯವಿಟ್ಟು ಹೇಳಿ: ಕೊನೇವರೆಗೆ ಕೂತವರಿಗೆ ಸಮಾಧಾನ ಆಯ್ತಾ, ಅಥವಾ ಮಂಪರಿನ ಹೊತ್ತಿಗೇ ಎದ್ದವರಿಗಾ?